ಕಡಲ ದಂಡೆಯಲ್ಲಿ ನೆರಳು
(ಮಹಿಳಾ ಮಂಡಳ ಮತ್ತು ಯುವಕ ಮಂಡಳದ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಭತ್ತ ಮನೆ ಸೇರಿತು, ಕಬ್ಬು ಕಾರ್ಖಾನೆಗೆ ಹೋಯಿತು. ಮುಂಗಾರಿನವರೆಗೆ ಕೈಗೆ ತುಸು ಬಿಡುವು. ಒಂದು ದಿನ ಮಕ್ಕಳಿಗೆ ಕಡಲು ತೋರಿಸಿ ಬರೋಣವೆಂಬ ಆಸೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಎಷ್ಟೋ ಮನೆಗಳಲ್ಲಿದೆ. ವರ್ಷವೆಲ್ಲ ದುಡಿಯುವವರಿಗೆ ಇದು ದುಂದಲ್ಲ. ಆದರೆ ಅನೇಕರು ಬಿಸಿಲಲ್ಲಿ ಬೆಂದು, ತಲೆನೋವು ಹೊತ್ತುಕೊಂಡು ಮರಳುತ್ತಾರೆ. ಕೆಲವರಿಗೆ ಅದಕ್ಕಿಂತ ದೊಡ್ಡ ದುಃಖವೇ ಬಂದಿದೆ. ಆದ್ದರಿಂದ ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ: ನೆರಳು ಎಲ್ಲಿ? ನೀರು ಹೇಗೆ?

ಮೊದಲು ನೆರಳು. ಹೊಲದ ಬದುವಿನ ಮರಕ್ಕೆ ಕೂಸಿನ ಜೋಳಿಗೆ ಕಟ್ಟುವ ತಾಯಿ ಹೊತ್ತು ಸರಿದಂತೆ ಜೋಳಿಗೆಯನ್ನೂ ಸರಿಸಿ ಕಟ್ಟುತ್ತಾಳೆ. ಕಡಲ ದಂಡೆಗೂ ಇದೇ ಲೆಕ್ಕ. ನಮ್ಮ ಜಿಲ್ಲೆಯ ಕಡಲು ಪಶ್ಚಿಮಕ್ಕಿದೆ. ಮರಗಳು ದಂಡೆಯ ಪೂರ್ವಕ್ಕಿವೆ. ಬೆಳಿಗ್ಗೆ ಸೂರ್ಯ ಮರಗಳ ಹಿಂದಿರುವುದರಿಂದ ನೆರಳು ಮರಳಿನ ಮೇಲೆ ಬೀಳುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ಅದು ಮರಗಳ ಹಿಂದಕ್ಕೆ, ಊರಿನ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಒಳ್ಳೆಯ ನೆರಳೆಂದು ತೋಪಿನ ಮುಂದೆ ಚಾಪೆ ಹಾಸಿದವರು ಎರಡು ಗಂಟೆಗೆ ಸುಡುಬಿಸಿಲಿನಲ್ಲಿರುತ್ತಾರೆ. ಏಪ್ರಿಲ್ ಕೊನೆಯಲ್ಲಂತೂ ಹಗಲು ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ಮರದ ಬುಡದಲ್ಲಲ್ಲದೆ ಬೇರೆಲ್ಲೂ ನೆರಳಿಲ್ಲ. ಆದ್ದರಿಂದ ತೋಪಿನ ಒಳಗೇ ಕೂಡಿರಿ. ಹೊತ್ತು ಇಳಿದಂತೆ ಪೂರ್ವಕ್ಕೆ ಸರಿಯಿರಿ.

ಇಂಥ ತೋಪುಗಳು ನಮ್ಮಲ್ಲಿ ಹೊಸವಲ್ಲ. 1868ರ ಸುಮಾರಿಗೇ ಕಾರವಾರದಲ್ಲಿ ಉರುವಲಿಗಾಗಿ ಗಾಳಿ ಮರ ನೆಟ್ಟರು. ಜೋಯಿಡಾ, ದಾಂಡೇಲಿ, ಹಳಿಯಾಳದವರು ಅಣಶಿ ಘಟ್ಟ ಇಳಿದರೆ ಕಾರವಾರ. ಅಲ್ಲಿ ಕಾಳಿ ನದಿ ಕಡಲು ಸೇರುವ ಕಡೆ ದೇವಬಾಗದಲ್ಲಿ ಗಾಳಿ ಮರಗಳಿವೆ. ಮುಂಡಗೋಡದವರಿಗೆ ಶಿರಸಿ, ಕುಮಟಾ ಮೇಲಿಂದ ಹೊನ್ನಾವರದ ಕಾಸರಕೋಡ ಅನುಕೂಲ. ಅಲ್ಲಿಯೂ ಗಾಳಿ ಮರದ ತೋಪಿದೆ. 2020ರಲ್ಲಿ ಆ ದಂಡೆಗೆ ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ನೀಲಿ ಬಾವುಟದ ಮನ್ನಣೆ ಬಂದಿತು.

ಗಾಳಿ ಮರದ ನೆರಳು ತೆಳುವು. ಮಲಗುವ ಕೂಸಿನ ಮೇಲೆ ಹಳೆಯ ಸೀರೆಯೊಂದನ್ನು ಎತ್ತರಕ್ಕೆ ಕಟ್ಟಿರಿ. ಅದರ ಉದುರಿದ ಎಲೆ ಬೇಗ ಹೊತ್ತಿಕೊಳ್ಳುತ್ತದೆ. ತೋಪಿನಲ್ಲಿ ಒಲೆ ಹೂಡಬೇಡಿ, ಬೀಡಿ ಎಸೆಯಬೇಡಿ. ಕಾಯಿ ತುಂಬಿದ ತೆಂಗಿನ ಕೆಳಗೆ ಮಕ್ಕಳನ್ನು ಕೂರಿಸಬೇಡಿ. ರೊಟ್ಟಿ, ಚಟ್ನಿಯ ಬುತ್ತಿ ಮನೆಯಿಂದಲೇ ಬರಲಿ. ಮಜ್ಜಿಗೆ, ಕುಡಿಯುವ ನೀರು ಧಾರಾಳವಾಗಿರಲಿ.

ಇನ್ನು ನೀರು. ನಡುಹಗಲು ತೋಪಿನಲ್ಲಿ ಕಳೆದು, ನಾಲ್ಕಕ್ಕೆ ನೀರಿನಂಚಿಗೆ ಹೋಗಿ, ಐದಕ್ಕೆ ಹೊರಟುಬಿಡಿ. ಮೊಳಕಾಲಿನ ಮೇಲೆ ನೀರು ಬರುವಲ್ಲಿಗೆ ಮಕ್ಕಳು ಹೋಗಬಾರದು. ಪ್ರತಿ ಮಗುವಿಗೂ ಒಬ್ಬ ದೊಡ್ಡವರ ಕಣ್ಣಿರಬೇಕು. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಸಪಾಟಾಗಿ ಕಂಡರೆ ಅದು ಶಾಂತವೆಂದು ತಿಳಿಯಬೇಡಿ. ಅಲ್ಲಿ ಸೆಳೆತ ಕಡಲಿನ ಕಡೆಗೆ ಹರಿಯುತ್ತಿರಬಹುದು. ಸಿಕ್ಕಿಬಿದ್ದವರು ಅದಕ್ಕೆ ಎದುರಾಗಿ ಈಜಿ ದಣಿಯಬಾರದು. ದಂಡೆಯ ಉದ್ದಕ್ಕೆ ಅಡ್ಡ ಈಜಿ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ನಮ್ಮ ಹಾಗೆಯೇ ದೂರದಿಂದ ಕಡಲು ನೋಡಲು ಬಂದ ಮಕ್ಕಳು ಅವರು. ನೀರಿಗಿಳಿಯುವ ಮುಂಚೆ ಅಲ್ಲಿಯ ಜೀವರಕ್ಷಕರನ್ನು, ಇಲ್ಲವಾದರೆ ಮೀನುಗಾರರನ್ನು ಕೇಳಿರಿ. ಅವರು ಬೇಡವೆಂದರೆ ಬೇಡ. ಜೂನಿನಿಂದ ಸೆಪ್ಟೆಂಬರವರೆಗೆ, ಮಳೆಗಾಲದ ಕಡಲನ್ನು ದೂರದಿಂದ ನೋಡಿದರೆ ಸಾಕು.

“ಅಷ್ಟು ದೂರವೇಕೆ, ನಮ್ಮ ಕಾಳಿಯ ದಂಡೆಯಲ್ಲೇ ತಂಪಾದ ನೆರಳಿಲ್ಲವೇ?” ಎಂದು ನೀವು ಕೇಳಬಹುದು. ಇದೆ, ಕಡಲ ದಂಡೆಗಿಂತ ದಟ್ಟವಾಗಿಯೇ ಇದೆ. ಕುಳಿತು ಬುತ್ತಿ ಉಣ್ಣಿರಿ. ಆದರೆ ನೆರಳು ಒಳ್ಳೆಯದೆಂದ ಮಾತ್ರಕ್ಕೆ ನೀರೂ ಒಳ್ಳೆಯದಲ್ಲ. ಗಣೇಶಗುಡಿಯ ಸೂಪಾ ಅಣೆಕಟ್ಟಿನ ವಿದ್ಯುದಾಗಾರದಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತದೆ. ಬೆಳಿಗ್ಗೆ ಬರಿದಾಗಿದ್ದ ಬಂಡೆಯ ಸುತ್ತ ಮಧ್ಯಾಹ್ನ ನೀರು ನಿಂತಿರಬಹುದು. ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳಿವೆ. 2021ರ ಅಕ್ಟೋಬರಿನಲ್ಲಿ ಅಲ್ಲಿ ಮೀನು ಹಿಡಿಯುತ್ತಿದ್ದ ಬಾಲಕನನ್ನು ಮೊಸಳೆ ಎಳೆದೊಯ್ದಿತು. ಅಲ್ಲಿ ಕಾಲು ತೊಳೆಯಲೂ ಮಕ್ಕಳನ್ನು ಇಳಿಸಬೇಡಿ.

ಬಂಧುಗಳೇ, ಹೋಗಬೇಡಿರೆಂದು ನಾನು ಹೇಳಲು ಬಂದಿಲ್ಲ. ಅವಶ್ಯ ಹೋಗಿರಿ. ಅಜ್ಜ, ಅಜ್ಜಿಯರನ್ನೂ ಕರೆದೊಯ್ಯಿರಿ. ಹೊತ್ತು ನೋಡಿ ನೆರಳು ಹಿಡಿಯಿರಿ. ತಿಳಿದವರನ್ನು ಕೇಳಿ ನೀರಿಗಿಳಿಯಿರಿ. ಹೊರಡುವಾಗ ಎಣಿಸಿದಷ್ಟೇ ತಲೆಗಳು ಸಂಜೆ ಬಸ್ಸಿನಲ್ಲಿ ನಗುತ್ತ ಕುಳಿತಿರಬೇಕು. ಪ್ರವಾಸ ಚೆನ್ನಾಯಿತೆಂದು ಹೇಳಲು ಅಷ್ಟು ಸಾಕು.