ಹಳೆಯ ಕಾರಿನ ಪೆಟ್ರೋಲು ಕೊಳವೆ

ನಮ್ಮ ತಂದೆಯವರು ೧೯೬೪ರಲ್ಲಿ ಕೊಂಡ ಅಂಬಾಸಿಡರ್ ಕಾರು ಹದಿನೇಳು ವರ್ಷ ಹಿತ್ತಲಿನ ಕೊಟ್ಟಿಗೆಯಲ್ಲಿ ನಿಂತಿತ್ತು. ಅದನ್ನು ಮತ್ತೆ ಓಡಿಸಬೇಕೆಂಬ ಹಂಬಲ ಹುಟ್ಟಿದಾಗ ಬಣ್ಣ ಬಳಿಸಿದೆ, ಸೀಟು ಹೊಲಿಸಿದೆ, ಎಂಜಿನ್ನನ್ನೂ ಬಿಚ್ಚಿ ಕೂಡಿಸಿದ್ದಾಯಿತು. ಟ್ಯಾಂಕಿನಿಂದ ಎಂಜಿನ್ನಿನವರೆಗೆ ಕಾರಿನ ಹೊಟ್ಟೆಯಡಿ ಸಾಗುವ, ಕಿರುಬೆರಳಿಗಿಂತಲೂ ಸಣ್ಣದಾದ ಪೆಟ್ರೋಲು ಕೊಳವೆಯನ್ನು ಮಾತ್ರ ಮರೆತೆ. ಕಣ್ಣಿಗೆ ಬೀಳದ ವಸ್ತುವಿಗೆ ಯಾರು ತಾನೆ ಉಪಚಾರ ಮಾಡುತ್ತಾರೆ!

ಕಾರು ಬಯಲಿನಲ್ಲಿ ಚೆನ್ನಾಗಿ ಓಡಿತು. ಏರು ಬಂದೊಡನೆ ಮುಗ್ಗರಿಸಿ ನಿಂತಿತು. ಕಾರ್ಬುರೇಟರನ್ನು ಮೂರು ಬಾರಿ ತೊಳೆದೆ. ನೆಲದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲವಾದ್ದರಿಂದ ಕೊಳವೆಯ ಮೇಲೆ ಸಂಶಯವೇ ಬರಲಿಲ್ಲ. ಈ ಕಾರುಗಳಲ್ಲಿ ಪಂಪು ಎಂಜಿನ್ನಿನ ಪಕ್ಕದಲ್ಲಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ ಪೆಟ್ರೋಲು ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಸೀಳುಬಿಟ್ಟ ನಳಿಕೆಯಿಂದ ಎಳನೀರು ಕುಡಿದು ನೋಡಿದವರಿಗೆ ಇದು ತಿಳಿದೀತು. ಏರಿನಲ್ಲಿ ಎಂಜಿನ್ನು ಹೆಚ್ಚು ಬೇಡಿದಾಗ ಪಂಪಿಗೆ ದಕ್ಕುತ್ತಿದ್ದುದು ಅರ್ಧ ಗಾಳಿ.

ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರು ನಳಿಕೆಯ ಕಥೆ ಬೇರೆ. ಅಲ್ಲಿ ಒತ್ತಡವಿರುವುದರಿಂದ ಸೋರಿದ್ದು ಬಿಸಿ ಎಂಜಿನ್ನಿನ ಮೇಲೆಯೇ ಬೀಳುತ್ತದೆ. ಒಂದು ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು ಸುತ್ತಿ ಬಂದು ಬಾನೆಟ್ ಎತ್ತಿದಾಗ ಆ ನಳಿಕೆ ಬೆವರುತ್ತಿತ್ತು. ನನ್ನ ಕೈಕಾಲು ತಣ್ಣಗಾದವು. ೨೦೨೫ರ ಹೊತ್ತಿಗೆ ನಮ್ಮ ಪೆಟ್ರೋಲಿಗೆ ನೂರಕ್ಕೆ ೨೦ ಪಾಲು ಎಥನಾಲ್ ಸೇರಿತು. ಆ ಕಾಲದ ರಬ್ಬರು ಇದನ್ನು ತಾಳದು; ಉಬ್ಬಿ, ಮೆತ್ತಗಾಗಿ ಬಿರಿಯುತ್ತದೆ. ಎಥನಾಲ್ ತೇವವನ್ನೂ ಎಳೆದುಕೊಳ್ಳುವುದರಿಂದ, ನಿಂತೇ ಇರುವ ಕಾರಿನ ಟ್ಯಾಂಕಿಗೂ ಉಕ್ಕಿನ ಕೊಳವೆಗೂ ಒಳಗಿನಿಂದಲೇ ತುಕ್ಕು.

ಮರುದಿನವೇ ಟ್ಯಾಂಕು ಬರಿದುಮಾಡಿ, ಬ್ಯಾಟರಿಯ ತಂತಿ ಕಳಚಿ, ಎಲ್ಲವನ್ನೂ ಬಿಚ್ಚಿಸಿದೆ. ಕೊಳವೆ ತೂತಾಗಿದ್ದುದು ಬಯಲಾಗಿದ್ದ ಕಡೆಯಲ್ಲಲ್ಲ, ಅದನ್ನು ಬಿಗಿದಿದ್ದ ತಗಡಿನ ಹಿಡಿಕೆಯ ಅಡಿಯಲ್ಲಿ. ಕೆಸರು ನೀರು ಅಲ್ಲಿ ನಿಂತು ಕೊರೆದಿತ್ತು. ಬಗ್ಗಿಸುವುದು ಸುಲಭ, ತಾಮ್ರದ್ದೇ ಹಾಕೋಣ ಸ್ವಾಮಿ, ಎಂದ ಮೇಸ್ತ್ರಿ. ಬರಿಯ ತಾಮ್ರ ಅದುರಿ ಅದುರಿ ಗಡುಸಾಗಿ ಬಿರುಕು ಬಿಡುತ್ತದೆ. ತಾಮ್ರ ನಿಕಲ್ ಮಿಶ್ರಲೋಹದ್ದನ್ನೇ ತರಿಸಿದೆ. ಹಳೆಯದನ್ನು ನೆಲದ ಮೇಲಿಟ್ಟು, ಅದರ ಬಾಗುಗಳನ್ನೇ ಅನುಸರಿಸಿ ಹೊಸದನ್ನು ಬಾಗಿಸಿದೆವು. ಸೈಲೆನ್ಸರಿನಿಂದ ದೂರ ಸಾಗಿಸಿ, ಹಿಡಿಕೆಗಳಿಗೆ ರಬ್ಬರಿನ ಒಳಪದರ, ತಗಡು ದಾಟುವೆಡೆ ರಬ್ಬರಿನ ಬಳೆ ಕೊಟ್ಟೆವು. ನಳಿಕೆಯೂ ಎಥನಾಲನ್ನು ತಾಳುವ ಫ್ಲೋರೋ ರಬ್ಬರಿನ ಒಳಪದರದ್ದು. ಬೆಲೆ ಸಾಧಾರಣ ನಳಿಕೆಯ ಹಲವು ಪಟ್ಟು. ನಾನು ಚೌಕಾಶಿ ಮಾಡಲಿಲ್ಲ.

ಈಗ ಹೊರಡುವ ಮುನ್ನ ಬಾನೆಟ್ ಎತ್ತಿ ಮೂಸಿ ನೋಡುತ್ತೇನೆ. ಪಕ್ಕದಲ್ಲಿ ತುದಿಗಾಲಲ್ಲಿ ನಿಂತು ಮೊಮ್ಮಗಳೂ ಮೂಸುತ್ತಾಳೆ.