ಹಿಮ್ಮೇಳದಿಂದ ತಂಬೂರಿಯವರೆಗೆ



ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಮಂಡ್ಯದ ಕಾಲೇಜುಗಳಿಗೆ ಬರುವ ನಿಮ್ಮಲ್ಲಿ ಕೆಲವರು ನಿಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಯಾವ ವಿಷಯ ಆರಿಸಿಕೊಳ್ಳಬೇಕು, ನಪಾಸಾದರೆ ಮುಂದೇನು ಎಂದು ಕೇಳಿದರೆ ಹೇಳಬಲ್ಲವರು ನಿಮ್ಮ ಮನೆಯಲ್ಲಿ ಇಲ್ಲದಿರಬಹುದು. ಕೆ.ವಿ. ಶಂಕರಗೌಡರಂಥ ಹಿರಿಯರ ಶ್ರಮದಿಂದ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಕಾಲೇಜು ಬಾಗಿಲನ್ನು ತೆರೆಯುತ್ತದೆ. ಆದರೆ ಒಳಗೆ ಹೆಜ್ಜೆ ಇಡುವಾಗ ದಾರಿ ಬಲ್ಲವರೊಬ್ಬರು ಜೊತೆಗಿರಬೇಕು. ಅವರೇ ಮಾರ್ಗದರ್ಶಿ.

ಮಾರ್ಗದರ್ಶಿಯ ಕೆಲಸವೇನು? ಇದನ್ನು ನಮ್ಮ ನೀಲಗಾರರಿಂದ ಕಲಿಯಬಹುದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ನೆಲೆಗಳಲ್ಲಿ ಒಂದು. ಈ ಪರಂಪರೆಯ ದೀಕ್ಷೆ ಪಡೆದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯವನ್ನು ಹಾಡುತ್ತಾರೆ. ಅದು ಪುಸ್ತಕದಿಂದ ಬಂದ ವಿದ್ಯೆಯಲ್ಲ, ಬಾಯಿಂದ ಬಾಯಿಗೆ ಬಂದದ್ದು. ಕಲಿಯುವವನು ಹಿರಿಯರ ಹಿಂದೆ ಹಿಮ್ಮೇಳದಲ್ಲಿ ಕುಳಿತು ತಾಳ ಹಾಕುತ್ತಾನೆ, ಸೊಲ್ಲಿಗೆ ಸೊಲ್ಲು ಕೂಡಿಸುತ್ತಾನೆ. ಕೇಳುತ್ತ ಕೇಳುತ್ತ ಕಥೆಯ ಜಾಡು ಅವನಿಗೆ ಒಲಿಯುತ್ತದೆ. ಕೊನೆಗೆ ತಂಬೂರಿ ಅವನ ಕೈಗೆ ಬರಬೇಕು. ಬಾರದಿದ್ದರೆ ಆ ಹಾಡು ಗುರುವಿನೊಂದಿಗೇ ಮುಗಿದುಹೋಗುತ್ತದೆ.

ಕಾವ್ಯದೊಳಗೂ ಇದೇ ಪಾಠವಿದೆ. ಮಂಟೇಸ್ವಾಮಿ ತಮ್ಮ ಶಿಷ್ಯ ಸಿದ್ದಪ್ಪಾಜಿಯನ್ನು ಕಬ್ಬಿಣದ ಭಿಕ್ಷಕ್ಕೆಂದು ಅದೇ ತಾಲ್ಲೂಕಿನ ಹಲಗೂರಿಗೆ ಕಳುಹಿಸುತ್ತಾರೆ. ಅಲ್ಲಿನ ಪಾಂಚಾಳರು ಆತನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಭಿಕ್ಷವನ್ನು ಗುರುವೇ ತಂದುಕೊಟ್ಟಿದ್ದರೆ ಸಿದ್ದಪ್ಪಾಜಿಯ ಕಥೆಯೇ ಇರುತ್ತಿರಲಿಲ್ಲ. ಹತ್ತಿರ ಕೂರಿಸಿಕೊಂಡು ಕಲಿಸುವುದು ಎಷ್ಟು ಮುಖ್ಯವೋ, ಸಮಯ ಬಂದಾಗ ಒಂಟಿಯಾಗಿ ಕಳುಹಿಸುವುದೂ ಅಷ್ಟೇ ಮುಖ್ಯ.

ಹಾಗಾದರೆ ನೀವು ಮಾಡಬೇಕಾದದ್ದೇನು? ನಿಮ್ಮ ಮಾರ್ಗದರ್ಶಿ ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಉಪನ್ಯಾಸಕರಾಗಲಿ, ಗ್ರಂಥಪಾಲಕರಾಗಲಿ, ನಿಮಗಿಂತ ಎರಡು ವರ್ಷ ಮುಂದೆ ಓದುತ್ತಿರುವ ಊರಿನ ಅಕ್ಕನಾಗಲಿ ಆಗಬಹುದು. ಕೇಳಲು ಸಂಕೋಚ ಬೇಡ. ಆದರೆ ಬರಿಗೈಯಲ್ಲಿ ಹೋಗಬೇಡಿ; ಬಿಡಿಸಲು ಯತ್ನಿಸಿ ಸೋತ ಲೆಕ್ಕವನ್ನು, ಅರ್ಧ ಬರೆದ ಪ್ರಬಂಧವನ್ನು ಕೊಂಡೊಯ್ಯಿರಿ. ಎಲ್ಲಿ ಎಡವಿದಿರೆಂದು ತೋರಿಸುವವರು ನಿಜವಾದ ಮಾರ್ಗದರ್ಶಿಗಳು. ನಿಮ್ಮ ಲೆಕ್ಕವನ್ನು ತಾವೇ ಬಿಡಿಸಿಕೊಡುವವರಲ್ಲ. ಪ್ರಶ್ನೆಯನ್ನೇ ಸಹಿಸದವರು ನಿಮ್ಮನ್ನು ಕೊನೆಯವರೆಗೂ ಹಿಮ್ಮೇಳದಲ್ಲಿಯೇ ಉಳಿಸಿಯಾರು, ಎಚ್ಚರ.

ಕಡೆಯದಾಗಿ ಒಂದು ಮಾತು. ಮುಂದಿನ ವರ್ಷ ಅದೇ ಬೆಳಗಿನ ಬಸ್ಸಿಗೆ ಹೊಸಬನೊಬ್ಬ ಹತ್ತುತ್ತಾನೆ. ಅರ್ಜಿ ತುಂಬುವುದು ಹೇಗೆಂದು ಅವನಿಗೂ ತಿಳಿದಿರುವುದಿಲ್ಲ. ನಿಮ್ಮ ಪಕ್ಕದಲ್ಲಿ ಅವನಿಗೆ ಸ್ವಲ್ಪ ಜಾಗ ಕೊಡಿ. ನೀವು ಪಡೆದ ತಂಬೂರಿಯ ಋಣ ತೀರುವುದು ಆಗಲೇ.