ಆಂತೀಬಿನ ಒಂಟಿ ಪೈನ್ ಮರ

ನಿಮ್ಮೆದುರಿನ ಪರದೆಯ ಮೇಲಿರುವುದು ಕ್ಲೋದ್ ಮೊನೆ 1888ರಲ್ಲಿ ಬರೆದ ‘ಆಂತೀಬ್’. ಮೂಲಚಿತ್ರ ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿದೆ. ನಮ್ಮ ಪ್ರೊಜೆಕ್ಟರಿನ ನೀಲಿಯನ್ನು ಪೂರ್ತಿ ನಂಬಬೇಡಿ.

ಮೊನೆ ಬೆಳೆದದ್ದು ಉತ್ತರ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿ. ಮೋಡ, ಮಂಜು, ಬೂದು ಬಣ್ಣದ ನೀರಿಗೆ ಪಳಗಿದ ಕಣ್ಣು ಅದು. 1883ರ ಡಿಸೆಂಬರಿನಲ್ಲಿ ಗೆಳೆಯ ರೆನ್ವಾರ್ ಜೊತೆ ಮೆಡಿಟರೇನಿಯನ್ ಕರಾವಳಿ ಸುತ್ತಿ ಬಂದವನು, ಮರುತಿಂಗಳೇ ಇಟಲಿಯ ಬೋರ್ದಿಗೇರಾ ಊರಿಗೆ ಮತ್ತೆ ಹೊರಟ. ಈ ಸಲ ಒಬ್ಬನೇ. ವಿಷಯ ಯಾರಿಗೂ ತಿಳಿಯದಿರಲಿ ಎಂದು ತನ್ನ ಚಿತ್ರವ್ಯಾಪಾರಿ ದ್ಯುರಾಂ-ರ್ಯುಯೆಲ್‌ಗೆ ಪತ್ರ ಬೇರೆ ಬರೆದ. ಸ್ನೇಹ ಸ್ನೇಹವೇ, ಕೆಲಸಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಬ್ಬ ಚಿತ್ರಕಾರ ಬೇಡ! ಮೂರು ವಾರವೆಂದು ಹೋದವನು ಉಳಿದದ್ದು ಸುಮಾರು ಮೂರು ತಿಂಗಳು. ಆ ಬೆಳಕು ಸುಲಭಕ್ಕೆ ಕೈಗೆ ಸಿಕ್ಕಲಿಲ್ಲ.

ನಾಲ್ಕು ವರ್ಷಗಳ ಮೇಲೆ ಅದೇ ಕರಾವಳಿಯ ಫ್ರೆಂಚ್ ಊರು ಆಂತೀಬಿಗೆ ಬಂದಾಗ ಆ ಬೆಳಕನ್ನು ಹಿಡಿಯುವ ದಾರಿ ಸಿಕ್ಕಿತ್ತು. ಚಿತ್ರವನ್ನೇ ನೋಡಿ. ಎದುರಿಗೆ ಒಂದೇ ಒಂದು ಪೈನ್ ಮರ, ಅದರ ಹಿಂದೆ ಕೊಲ್ಲಿಯ ನೀರು, ಆಚೆ ದಡದಲ್ಲಿ ಎಸ್ತರೆಲ್ ಬೆಟ್ಟಸಾಲು. ಮರಕ್ಕೂ ಬೆಟ್ಟಕ್ಕೂ ನಡುವೆ ಕಣ್ಣು ತಂಗಲು ಮನೆಯಿಲ್ಲ, ಜನರಿಲ್ಲ. ಮರವನ್ನು ಹೀಗೆ ಕಣ್ಣಿಗೆ ಒತ್ತಿ ನಿಲ್ಲಿಸಿ, ದೂರವನ್ನು ಅದರ ಹಿಂದೆ ಹಾಸುವ ರೀತಿ ಜಪಾನಿನ ಮರಮುದ್ರಣ ಚಿತ್ರಗಳದು. ಮೊನೆ ಅವುಗಳ ದೊಡ್ಡ ಸಂಗ್ರಾಹಕ. ಒಂದು ಬೆರಳು ಎತ್ತಿ ಆ ಮರವನ್ನು ಮರೆಮಾಡಿ ನೋಡಿ: ಉಳಿಯುವುದು ಚಂದದ ಪೋಸ್ಟ್‌ಕಾರ್ಡು, ಅಷ್ಟೇ.

ಇನ್ನು ಬಣ್ಣ. ಬಿಸಿಲನ್ನು ತೋರಿಸಲು ಆತ ಹಳದಿಯನ್ನು ಸುರಿದಿಲ್ಲ. ನೀಲಿ, ಹಸಿರುಗಳ ಮಗ್ಗುಲಲ್ಲೇ ಗುಲಾಬಿ, ಕೆಂಪಿನ ಸಣ್ಣ ಸಣ್ಣ ಗೀರು ಎಳೆದಿದ್ದಾನೆ, ಎಲೆಗಳ ಗೊಂಚಲಿನ ಒಳಗೂ. ತಂಪು ಬಣ್ಣ ಮತ್ತು ಬಿಸಿ ಬಣ್ಣ ಒಂದನ್ನೊಂದು ಕೆಣಕಿ ಹುಟ್ಟಿಸುವ ಕಾವು ಅದು. ಇಂಥ ತೀಕ್ಷ್ಣ ನೀಲಿ ಹಿಂದಿನವರಿಗೆ ಸುಲಭದ್ದಾಗಿರಲಿಲ್ಲ. ಕೋಬಾಲ್ಟ್ ನೀಲಿ, ಕಾರ್ಖಾನೆಯಲ್ಲಿ ತಯಾರಾದ ಅಲ್ಟ್ರಾಮರೀನ್ ಎರಡೂ 19ನೆಯ ಶತಮಾನದ ಕೊಡುಗೆ. ಬಯಲಲ್ಲಿ ನಿಂತು ಬರೆಯಲು ಅನುವಾದ ತವರದ ಟ್ಯೂಬು 1841ರಲ್ಲಿ ಬಂತು.

1888ರ ಜೂನಿನಲ್ಲೇ ಪ್ಯಾರಿಸ್ಸಿನಲ್ಲಿ ಹತ್ತು ಆಂತೀಬ್ ಚಿತ್ರಗಳ ಪ್ರದರ್ಶನ ಏರ್ಪಡಿಸಿದವನು ತೆಯೋ ವಾನ್ ಗಾಗ್, ವಿನ್ಸೆಂಟನ ತಮ್ಮ. ಕವಿ ಮಲಾರ್ಮೆ ಮೆಚ್ಚಿದ. ವಿಮರ್ಶಕ ಫೆಲಿಕ್ಸ್ ಫೆನಿಯೋಂಗೆ ಮಾತ್ರ ಇದೆಲ್ಲ ಥಳಕಾಗಿ ಕಂಡಿತು. ಆಂತೀಬಿನ ಕೆಲವು ಚಿತ್ರಗಳ ಮಟ್ಟಿಗೆ ಫೆನಿಯೋಂ ಮಾತನ್ನು ನಾನೂ ಒಪ್ಪುತ್ತೇನೆ, ಅವುಗಳಲ್ಲಿ ಸಿಹಿ ಹೆಚ್ಚು. ಈ ಚಿತ್ರಕ್ಕೆ ಆ ಟೀಕೆ ಸಲ್ಲದು. ಆ ಮರ ಸಲ್ಲಗೊಡುವುದಿಲ್ಲ.